ದಣಪೆಯಾಚೆ ನಿಂತವರು

ನಮ್ಮ ಅಂಗಳಕ್ಕೆ ಇಳಿಯುವ ಮೊದಲು ಒಂದು ದಣಪೆ ಇದೆ. ಎರಡು ಕಲ್ಲುಕಂಬ, ನಡುವೆ ಮೂರು ಬಿದಿರ ಗಳ. ದನ ಒಳಗೆ ನುಗ್ಗದಿರಲಿ ಅಂತ ಅಜ್ಜ ಹಾಕಿಸಿದ್ದು. ಅದನ್ನು ಮನುಷ್ಯರನ್ನು ತಡೆಯಲು ಬಳಸಿದ್ದು 2020ರ ಮಾರ್ಚ್ ಕೊನೆಯಲ್ಲಿ, ಯುಗಾದಿ ಕಳೆದ ಮೂರನೇ ದಿನ. ತಡೆದದ್ದು ನಮ್ಮ ಅಮ್ಮ. ಆಚೆ ನಿಂತಿದ್ದವರು ಊರಿನ ಆಶಾ ಕಾರ್ಯಕರ್ತೆ. ಜಗಲಿಯಲ್ಲಿ ಕೂತು ಸುಮ್ನೆ ನೋಡುತ್ತಿದ್ದವನು ನಾನು.

"ಅಲ್ಲೇ ಇರು ಮಾರಾಯ್ತಿ. ಏನು ಕೇಳೋದಿದ್ರೂ ಅಲ್ಲಿಂದಲೇ ಕೇಳು" ಅಂದಳು ಅಮ್ಮ.

ಅವರಿಗೆ ಬೇಜಾರಾದ ಹಾಗೆ ಕಾಣಲಿಲ್ಲ. ಗುಲಾಬಿ ಸೀರೆಯ ಸೆರಗನ್ನೇ ಮೂಗಿಗೆ ಸುತ್ತಿಕೊಂಡಿದ್ದರು. ಪುಸ್ತಕ ಬಿಡಿಸಿದರು. ಮನೆಯಲ್ಲಿ ಎಷ್ಟು ಜನ? 60 ದಾಟಿದವರು ಯಾರು? ಸಕ್ಕರೆ ಕಾಯಿಲೆ, ಬಿಪಿ ಇದೆಯಾ? ಜ್ವರ, ಕೆಮ್ಮು? ಬೆಂಗಳೂರಿಂದ ಯಾರಾದರೂ ಬಂದಿದ್ದಾರಾ? ಅಮ್ಮ ಒಂದೊಂದಕ್ಕೂ ಕೂಗಿ ಉತ್ತರ ಕೊಟ್ಟಳು. ಹತ್ತೇ ಮಾರು ದೂರ. ಆದರೂ ಹೊಳೆಯಾಚೆ ಇರುವವರ ಹತ್ತಿರ ಮಾತಾಡಿದ ಹಾಗೆ.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು. ಬೈಯಲು ಬಂದವರಿಗೂ ಕೊಟ್ಟೇ ಬೈಸಿಕೊಳ್ಳುತ್ತೇವೆ. ಅದನ್ನು ತಪ್ಪಿಸಲು ಅಮ್ಮನಿಗೆ ಮನಸ್ಸು ಬರಲಿಲ್ಲ. ಒಂದು ಸ್ಟೀಲ್ ಲೋಟ ತಂದು ಕಲ್ಲುಕಂಬದ ತಲೆಯ ಮೇಲಿಟ್ಟು, ಸರಸರ ಹಿಂದೆ ಬಂದಳು. ಅವರು ಎತ್ತಿ ಕುಡಿದರು. ಚೀಲದಿಂದ ಸ್ಯಾನಿಟೈಸರ್ ತೆಗೆದು ಲೋಟದ ಹೊರಮೈ ಒರೆಸಿ, ಅಲ್ಲೇ ಬೋರಲು ಹಾಕಿ ಹೋದರು. ಆ ಲೋಟ ಎರಡು ದಿನ ಬಿಸಿಲಲ್ಲಿ ಒಣಗಿತು. ಆಮೇಲೆ ಕೊಟ್ಟಿಗೆಯ ಮಾಡಿನಲ್ಲಿ ಅದಕ್ಕೊಂದು ಜಾಗವಾಯಿತು. 'ಆಶಾ ಲೋಟ' ಅಂತ ಹೆಸರೂ ಬಿತ್ತು.

ಇದಕ್ಕೆ ಆರು ದಿನ ಮೊದಲು, ಮಾರ್ಚ್ 22ರ ಜನತಾ ಕರ್ಫ್ಯೂ ದಿನ, ಸಂಜೆ ಐದು ಗಂಟೆಗೆ ಅಮ್ಮ ದೇವರ ಮನೆಯ ಜಾಗಟೆ ತಂದು ಇದೇ ಅಂಗಳದಲ್ಲಿ ಬಡಿದಿದ್ದಳು. ಪಕ್ಕದ ಮನೆ ಅಂದರೆ ನಮಗೆ ಅರ್ಧ ಕಿಲೋಮೀಟರ್. ಯಾರಿಗೂ ಕೇಳಿರಲಿಕ್ಕಿಲ್ಲ. ನಾಯಿ ಮಾತ್ರ ಹೆದರಿ ಅಟ್ಟ ಹತ್ತಿತು. "ಯಾರಿಗೆ ಇದು?" ಅಂತ ಕೇಳಿದ್ದೆ. "ಡಾಕ್ಟ್ರಿಗೆ, ನರ್ಸಿಗೆಲ್ಲ ಅಂತೆ. ಟಿವಿಯಲ್ಲಿ ಹೇಳಿದಾರೆ" ಅಂದಿದ್ದಳು.

ಜಾಗಟೆ ಮತ್ತು ಲೋಟ ಒಂದೇ ವಾರದ್ದು, ಒಂದೇ ಕೈಯದ್ದು ಅಂತ ನನಗೆ ಹೊಳೆದದ್ದು ವರ್ಷವಾದ ಮೇಲೆ.

ಅಮ್ಮನ ಮೇಲೆ ಎಲ್ಲ ಹಾಕಿ ಜಾರಿಕೊಳ್ಳುವುದು ಸರಿಯಲ್ಲ. ಕೊರೊನಾ ಬರುವ ಮೊದಲೂ ನಮ್ಮ ಮನೆಯಲ್ಲಿ ಅಂಗಳದವರೆಗೆ ಬರುವವರು, ಜಗಲಿಯವರೆಗೆ ಬರುವವರು, ಅಡುಗೆಮನೆವರೆಗೆ ಬರುವವರು ಅಂತ ಲೆಕ್ಕ ಇತ್ತು. ಆಶಕ್ಕ ಅಂಗಳದ ಲೆಕ್ಕದವರು. ಅವರು ಯಾರ ಪೈಕಿ, ನಾವು ಯಾರ ಪೈಕಿ ಅಂತ ಇಲ್ಲಿ ಬರೆಯುವುದಿಲ್ಲ. ಮಲೆನಾಡಿನವರಿಗೆ ಬರೆಯದೆಯೂ ಗೊತ್ತಾಗುತ್ತದೆ. 'ಸಾಮಾಜಿಕ ಅಂತರ ಕಾಯ್ದುಕೊಳ್ಳಿ' ಅಂತ ಫೋನ್ ಎತ್ತಿದರೆ ಸಾಕು ಹೇಳುತ್ತಿತ್ತಲ್ಲ, ಆ ಮಾತು ಆಶಕ್ಕನ ಕಿವಿಗೆ ಹೇಗೆ ಬಿದ್ದಿರಬಹುದು? ಅಂಗಳದಲ್ಲಿದ್ದವರನ್ನು ದಣಪೆಯಾಚೆ ಸರಿಸಿದೆವು, ಅಷ್ಟೇ. ಅದಕ್ಕೆ ಸರ್ಕಾರದ್ದೇ ಒಂದು ಒಳ್ಳೆಯ ಹೆಸರು ಸಿಕ್ಕಿತು.

ನಮ್ಮೂರು ಇರುವುದು ಸಾಗರ ತಾಲ್ಲೂಕಿನಲ್ಲಿ. ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ತುಂಬಿದಾಗ ಪೇಟೆ ಒಂದು ಕಡೆ, ನಾವು ಒಂದು ಕಡೆ ಆದೆವು. ಅಲ್ಲಿಂದ ಮುಂದೆ ಸಾಗರಕ್ಕೆ ಹೋಗಬೇಕೆಂದರೆ ಜನರನ್ನೂ ಗಾಡಿಗಳನ್ನೂ ದಾಟಿಸುವ ಲಾಂಚ್ ಹತ್ತಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಕಾಡಿನ ರಸ್ತೆಯಲ್ಲಿ ಊರೆಲ್ಲ ಸುತ್ತಿಕೊಂಡು ಹೋಗಬೇಕಿತ್ತು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಹಾಗಾಗಿ ಲಾಕ್‌ಡೌನ್ ಅಂದಾಗ ನಮ್ಮೂರ ಹಿರಿಯರೊಬ್ಬರು "ನಾವು ಅಣೆಕಟ್ಟು ಕಟ್ಟಿದಾಗಿಂದ ಕ್ವಾರಂಟೈನಲ್ಲೇ ಇದೀವಲ್ಲ, ಹೊಸದೇನು?" ಅಂತ ನಕ್ಕಿದ್ದರು.

ಕಾಯಿಲೆಯ ಭಯವೂ ನಮಗೆ ಹೊಸದಲ್ಲ. ಮಂಗನ ಕಾಯಿಲೆ ಹುಟ್ಟಿದ ಜಿಲ್ಲೆ ಇದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದರು. ಅದಕ್ಕೇ ಜಗತ್ತು ಅದನ್ನು ಆ ಕಾಡಿನ ಹೆಸರಿನಿಂದಲೇ ಕರೆಯುತ್ತದೆ. 2019ರ ಬೇಸಿಗೆಯಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮನೆಮನೆಗೆ ನುಗ್ಗಿತ್ತು. ಆಗಲೂ ಆ ಕಾಯಿಲೆ ಹರಡುವ ಉಣುಗು, ಅಂದರೆ ಉಣ್ಣೆ, ಕಚ್ಚದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಹಿಡಿದು ಮನೆಮನೆ ತಿರುಗಿದ್ದು ಆಶಾಗಳೇ. ಸೊಪ್ಪು ತರಲು ಬೆಟ್ಟಕ್ಕೆ ಹೋಗುವವರಿಗೆ ಎಣ್ಣೆ ಕೊಡಬೇಕು, ಮಂಗ ಸತ್ತು ಬಿದ್ದಿದೆ ಅಂತ ಯಾರಾದರೂ ಹೇಳಿದರೆ ಆಸ್ಪತ್ರೆಗೆ ತಿಳಿಸಬೇಕು. 2020ರ ಮಾರ್ಚ್ ಅಂದರೆ ಆ ಜ್ವರದ ಕಾಲವೂ ಹೌದು. ಒಂದೇ ಚೀಲದಲ್ಲಿ ಎಣ್ಣೆ ಬಾಟಲಿ, ಕೊರೊನಾ ಪುಸ್ತಕ, ಗರ್ಭಿಣಿಯರ ತಾಯಿ ಕಾರ್ಡು, ಮಕ್ಕಳ ಲಸಿಕೆ ಪಟ್ಟಿ. ಜ್ವರ ಬಂದವನಿಗೆ ಇದು ಯಾವ ಜ್ವರ ಅಂತ ಹೇಳುವುದು ಹೇಗೆ? ಡಾಕ್ಟರಿಗೇ ಕಷ್ಟ. ಹತ್ತನೇ ಕ್ಲಾಸು ಓದಿದ ಆಶಕ್ಕ ಮಾತ್ರ ದಣಪೆಯಾಚೆ ನಿಂತೇ "ಬೆಟ್ಟಕ್ಕೆ ಹೋಗಿದ್ರಾ? ಎಷ್ಟು ದಿನ ಆಯ್ತು? ಮೈಯಲ್ಲಿ ಉಣುಗು ಇತ್ತಾ?" ಅಂತ ಕೇಳಿ ಅಂದಾಜು ಮಾಡುತ್ತಿದ್ದರು.

ನಾನು ಊರಿನ ಸಹಕಾರ ಸಂಘದಲ್ಲಿ ಗುಮಾಸ್ತ. ರೇಷನ್, ಗೊಬ್ಬರ, ಬೆಳೆಸಾಲ, ಎಲ್ಲ ನಮ್ಮಲ್ಲೇ. ಮೊದಲ ಲಾಕ್‌ಡೌನ್‌ನಲ್ಲಿ ಎರಡು ತಿಂಗಳ ರೇಷನ್ ಒಟ್ಟಿಗೇ ಬಂತು. ಹೆಬ್ಬೆಟ್ಟು ಒತ್ತಿಸುವುದು ಬೇಡ ಅಂದರು. ಸುಣ್ಣದಲ್ಲಿ ಬಾಕ್ಸ್ ಬರೆದು ಜನರನ್ನು ನಿಲ್ಲಿಸಿದೆ. ಅರ್ಧ ಗಂಟೆಯಲ್ಲಿ ಬಾಕ್ಸಿನಲ್ಲಿ ಚೀಲಗಳು ನಿಂತವು, ಜನ ಮಾವಿನ ಮರದ ಬುಡದಲ್ಲಿ ಗುಂಪಾಗಿ ಕೂತು ಎಲೆ ಅಡಿಕೆ ಹಾಕಿದರು.

ನಿಜ ಹೇಳಬೇಕೆಂದರೆ ಆ ಮೊದಲ ಬೇಸಿಗೆ ನಮಗೆ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಬೆಂಗಳೂರು ಸೇರಿದ್ದ ಮಕ್ಕಳೆಲ್ಲ ಊರಿಗೆ ಬಂದರು. ಮುಚ್ಚಿದ್ದ ಮನೆಗಳಲ್ಲಿ ಹೊಗೆ ಕಂಡಿತು. ಹಲಸಿನ ಹಪ್ಪಳಕ್ಕೆ ಕೈ ಸಾಲದ ಮನೆಯಲ್ಲಿ ಎಂಟು ಕೈ. ನೆಟ್‌ವರ್ಕ್ ಸಿಗುವ ಗುಡ್ಡದ ತಲೆಯಲ್ಲಿ ಕಂಬಳಿ ಹಾಸಿ, ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡುವ ಹುಡುಗರು. ಸ್ವಲ್ಪ ಕೆಳಗೆ ಆನ್‌ಲೈನ್ ಕ್ಲಾಸಿಗೆ ಕೂತ ನನ್ನ ಮಗ. ಎಲ್ಲರ ಮನೆಯಲ್ಲೂ ಅಮೃತಬಳ್ಳಿ, ಕಾಳುಮೆಣಸು, ಶುಂಠಿಯ ಕಷಾಯ. ಒಬ್ಬ ಹುಡುಗ ನಮ್ಮ ಅಡಿಕೆ ತೋಟದ ಫೋಟೋ ಹಾಕಿ 'ಹಳ್ಳಿಯೇ ಸ್ವರ್ಗ' ಅಂತ ಬರೆದ. ಅವನ ತಾಯಿಯ ಮಂಡಿ ನೋವಿಗೆ ಎರಡು ತಿಂಗಳಿಂದ ಡಾಕ್ಟರ್ ಸಿಕ್ಕಿರಲಿಲ್ಲ. ಅದು ಫೋಟೋದಲ್ಲಿ ಬರಲಿಲ್ಲ.

'ನಮಗೆ ರೋಗ ನಿರೋಧಕ ಶಕ್ತಿ ಜಾಸ್ತಿ' ಅನ್ನುವ ಜಂಬ ಊರಿಗೆಲ್ಲ ಹತ್ತಿದ್ದು ಆಗಲೇ. ನನಗೂ ಹತ್ತಿತ್ತು.

ಜಂಬದ ಜೊತೆಗೇ ಹೆದರಿಕೆಯೂ ಇತ್ತು, ಅದೊಂದು ವಿಚಿತ್ರ. ಊರಿನ ದಾರಿಗೆ ಅಡ್ಡ ಮರ ಉರುಳಿಸಿ 'ಹೊರಗಿನವರು ಬರಬಾರದು' ಅಂತ ಬೋರ್ಡ್ ಹಾಕಿದೆವು. ಹೊರಗಿನವರು ಯಾರು? ನಮ್ಮ ಮಕ್ಕಳೇ. ಮೇ ತಿಂಗಳಲ್ಲಿ ಕೈಗೆ ಕ್ವಾರಂಟೈನ್ ಸೀಲ್ ಹಾಕಿಸಿಕೊಂಡು ಬಂದ ಒಬ್ಬ ಹುಡುಗನನ್ನು ಅವನ ಚಿಕ್ಕಪ್ಪನೇ ಮರದಾಚೆ ನಿಲ್ಲಿಸಿದರು. ಜಗಳ ಬಿಡಿಸಲು ಆಶಕ್ಕ ಬಂದರು. ಹುಡುಗನನ್ನು ತೋಟದ ಮನೆಯಲ್ಲಿ ಇರಿಸಿ, ಬಾಗಿಲಿಗೆ ಚೀಟಿ ಅಂಟಿಸಿ, 14 ದಿನ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಹೋಗಿ ಜ್ವರ ನೋಡಿದರು. ಆ 14 ದಿನ ಅವರಿಗೆ ನಾಲ್ಕಾರು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. "ಅವಳೇ ತರೋದು, ಮನೆಯಿಂದ ಮನೆಗೆ" ಅಂತ ಸೊಸೈಟಿ ಕಟ್ಟೆಯಲ್ಲಿ ಮಾತಾಡಿಕೊಂಡರು. ನಾನು ಅಕ್ಕಿ ಅಳೆಯುತ್ತಿದ್ದೆ. ಬಾಯಿ ಬಿಡಲಿಲ್ಲ.

ಅವರ ಹೆಸರು 'ಆಶಾ' ಅಲ್ಲ ಅಂತ ನನಗೆ ಗೊತ್ತಾದದ್ದು ಅದೇ ವರ್ಷ. ನಗಬೇಡಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿ, ಸಾವಿರ ಜನಕ್ಕೊಬ್ಬರಂತೆ ಆಶಾಗಳು ಬಂದರಲ್ಲ, ನಮ್ಮೂರಿಗೆ ಬಂದವರನ್ನು ಮೊದಲ ದಿನದಿಂದ ಎಲ್ಲರೂ ಕರೆದದ್ದು ಆಶಾ, ಆಶಕ್ಕ ಅಂತಲೇ. ಕೊರೊನಾ ಕೆಲಸಕ್ಕಾಗಿ ಆಶಾಗಳಿಗೆ ತಲಾ 3 ಸಾವಿರ ರೂಪಾಯಿ ಪ್ರೋತ್ಸಾಹಧನ ಅಂತ ಸರ್ಕಾರ ಹೇಳಿತು. ಅದನ್ನು ಸಹಕಾರ ಸಂಸ್ಥೆಗಳ ಮೂಲಕ ಕೊಡಿಸಿತು. ಪಟ್ಟಿ ನನ್ನ ಟೇಬಲ್ಲಿಗೆ ಬಂತು. ಅದರಲ್ಲಿ ನಮ್ಮೂರಿನ ಎದುರು ಬೇರೆ ಯಾವುದೋ ಹೆಸರು. 'ಇದು ತಪ್ಪಿದೆ' ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಆಮೇಲೆ ವಿಚಾರಿಸಿದರೆ ತಪ್ಪಿದ್ದು ನಾನು. ಆ ಹೆಸರನ್ನು ಇಲ್ಲಿ ಹಾಕಲಾ ಅಂತ ಮೊನ್ನೆ ಕೇಳಿದೆ. "ಬೇಡಪ್ಪ, ಪಿಎಚ್‌ಸಿಯಲ್ಲಿ ಕೇಳ್ತಾರೆ" ಅಂದರು. ಹಾಗಾಗಿ ಇಲ್ಲೂ ಆಶಕ್ಕನೇ.

ಆ 3 ಸಾವಿರ ಬಿಟ್ಟರೆ ತಿಂಗಳಿಗೆ ಅವರಿಗೆ ಬರುತ್ತಿದ್ದದ್ದು ರಾಜ್ಯದಿಂದ 4 ಸಾವಿರ ಗೌರವಧನ, ಮತ್ತೆ ಮಾಡಿದ ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಅಂತ ಕೇಂದ್ರದ ಪ್ರೋತ್ಸಾಹಧನ. ಆ ಇಷ್ಟಿಷ್ಟು ಸಿಗಬೇಕೆಂದರೆ ಕೆಲಸ ಪೋರ್ಟಲ್‌ನಲ್ಲಿ ಎಂಟ್ರಿ ಆಗಬೇಕು. "ಕಂಪ್ಯೂಟರಲ್ಲಿ ಕಂಡರೆ ಕೆಲಸ, ಇಲ್ಲಾಂದ್ರೆ ಬರೀ ತಿರುಗಾಟ" ಅನ್ನುತ್ತಾರೆ ಅವರು. ಅವರಿಗೆ ಸಂಬಳ ಅನ್ನುವ ಶಬ್ದವೇ ಇಲ್ಲ. ಗೌರವಧನ. ಸಂಬಳ ಕಡಿಮೆ ಆಯಿತು ಅಂತ ಜಗಳ ಮಾಡಬಹುದು. ಗೌರವ ಕಡಿಮೆ ಆಯಿತು ಅಂತ ಹೇಗೆ ಜಗಳ ಮಾಡುವುದು?

ಮಾಡಿದರು. 2020ರ ಜುಲೈಯಲ್ಲಿ ರಾಜ್ಯದ ಆಶಾಗಳೆಲ್ಲ ಕೆಲಸ ನಿಲ್ಲಿಸಿ, ತಿಂಗಳಿಗೆ 12 ಸಾವಿರ ಕೊಡಿ, ಸರಿಯಾದ ಮಾಸ್ಕ್ ಕೊಡಿ ಅಂತ ಕೂತರು. "ಇಂಥಾ ಹೊತ್ತಲ್ಲಾ?" ಅಂತ ಊರು ಗೊಣಗಿತು. ಗೊಣಗಿದವರಲ್ಲಿ ನಾನೂ ಒಬ್ಬ. ನಮ್ಮ ಅಡಿಕೆಗೆ ರೇಟು ಬಿದ್ದಾಗ ನಾವು ಹೊತ್ತು ಗೊತ್ತು ನೋಡಿ ರಸ್ತೆಗೆ ಇಳಿಯುತ್ತೇವಾ? ಈಗ ಕೇಳಿಕೊಂಡರೆ ಮುಖ ಸಣ್ಣದಾಗುತ್ತದೆ.

ಎರಡನೇ ಅಲೆ ಬಂದಾಗ ಹಳ್ಳಿಯ ಜಂಬ ಇಳಿಯಲು ಒಂದು ತಿಂಗಳೂ ಹಿಡಿಯಲಿಲ್ಲ. 2021ರ ಏಪ್ರಿಲ್ 27ಕ್ಕೆ ಕರ್ಫ್ಯೂ, ಮೇ 10ಕ್ಕೆ ಪೂರ್ತಿ ಲಾಕ್‌ಡೌನ್. ಅಷ್ಟರಲ್ಲಿ ಮದುವೆ ಮನೆಗಳ ಹೋಳಿಗೆಯ ಜೊತೆ ಜ್ವರವೂ ಹಂಚಿಕೆಯಾಗಿತ್ತು. 60 ದಾಟಿದವರಿಗೆ ಮಾರ್ಚ್ 1ರಿಂದಲೇ ಲಸಿಕೆ ಕೊಡುತ್ತಿದ್ದರು. ಆಶಕ್ಕ ನಾಲ್ಕು ಸಲ ದಣಪೆಗೆ ಬಂದು ಕರೆದಿದ್ದರು. "ಮಿಡಿ ಉಪ್ಪಿನಕಾಯಿ ಹಾಕಿ ಮುಗೀಲಿ, ಆಮೇಲೆ ನೋಡಣ" ಅಂತ ಅಮ್ಮ ಮುಂದೆ ಹಾಕಿದ್ದಳು. ಅಪ್ಪೆಮಿಡಿ ಭರಣಿ ತುಂಬಿತು. ಮೇ ಎರಡನೇ ವಾರ ಅಮ್ಮನಿಗೆ ಜ್ವರ ಬಂತು.

ಮೊದಲ ಮೂರು ದಿನ ಕಷಾಯ. ನಾಲ್ಕನೇ ದಿನ ಅಮ್ಮ ಬಚ್ಚಲಿಗೆ ಹೋಗಿ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಗುಡ್ಡ ಹತ್ತಿ ಆಶಕ್ಕನಿಗೆ ಫೋನ್ ಮಾಡಿದೆ. ಅರಬ್ಬಿ ಸಮುದ್ರದಲ್ಲಿ ತೌಕ್ತೆ ಚಂಡಮಾರುತ ಎದ್ದ ವಾರ ಅದು. ನಮ್ಮ ಕಡೆಗೂ ಗಾಳಿ, ಮಳೆ. ಕರೆಂಟ್ ಹೋಗಿ ಎರಡು ದಿನ. ಅವರು ಛತ್ರಿ ಮುರಿದುಕೊಂಡು, ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಬಂದರು. ದಣಪೆಯ ಹತ್ತಿರ ಬಂದವರು ನಿಂತರು. ಅಭ್ಯಾಸ ಆಗಿತ್ತಲ್ಲ. ಅಲ್ಲಿಂದಲೇ "ಅಮ್ಮ ಎದ್ದು ಬರ್ತಾರಾ?" ಅಂತ ಕೂಗಿದರು. "ಇಲ್ಲ" ಅಂದೆ.

ಮೂರೂ ಗಳ ತಾವೇ ಸರಿಸಿದರು. ಅಂಗಳ ದಾಟಿ, ಜಗಲಿ ದಾಟಿ, ನಡುಮನೆ ದಾಟಿ ಅಮ್ಮ ಮಲಗಿದ್ದ ಕೋಣೆಗೆ ಹೋದರು. ಆ ಹೊಸ್ತಿಲನ್ನು ಅವರು ದಾಟಿದ್ದು ಅದೇ ಮೊದಲು. ಒಂದು ಮಾಸ್ಕ್, ಒಂದು ಫೇಸ್‌ಶೀಲ್ಡ್, ಅದರ ಪ್ಲಾಸ್ಟಿಕ್ಕಿನ ಮೇಲೆಲ್ಲ ಮಳೆಹನಿ. ಇಷ್ಟೇ ಅವರ ರಕ್ಷಣೆ. ಮನೆಯವರಾದ ನಾವು ಆ ಕೋಣೆಯ ಬಾಗಿಲಲ್ಲೇ ನಿಂತಿದ್ದೆವು.

ರಕ್ತದ ಆಕ್ಸಿಜನ್ ತೋರಿಸುವ ಪಲ್ಸ್ ಆಕ್ಸಿಮೀಟರ್ ತೆಗೆದು ಅಮ್ಮನ ಬೆರಳಿಗೆ ಸಿಕ್ಕಿಸಿದರು. 95 ತೋರಿಸಿತು. ನಾನು ನಿಟ್ಟುಸಿರು ಬಿಟ್ಟೆ. ಅವರು ಬಿಡಲಿಲ್ಲ. "ಅಮ್ಮಾ, ನನ್ನ ಕೈ ಹಿಡ್ಕೊಂಡು ಆರು ನಿಮಿಷ ಓಡಾಡಿ" ಅಂದರು. ಅಮ್ಮ ಅವರ ಭುಜ ಹಿಡಿದು ನಡುಮನೆಯಲ್ಲಿ ಹೆಜ್ಜೆ ಹಾಕಿದಳು. ಮೂರು ಸುತ್ತಿಗೇ ಏದುಸಿರು. ಮತ್ತೆ ಬೆರಳಿಗೆ ಸಿಕ್ಕಿಸಿದರೆ 90. "ಕೂತಾಗ ಸರಿ ಇರತ್ತೆ, ನಡೆದಾಗ ಬೀಳತ್ತೆ. ಹೀಗೆ ಬಿದ್ರೆ ಕಾಯಬಾರದು" ಅಂದರು. ಪಿಎಚ್‌ಸಿಯಲ್ಲಿ ಹೇಳಿಕೊಟ್ಟದ್ದಂತೆ. ಆ ಆರು ನಿಮಿಷದ ನಡಿಗೆ ನನಗೆ ಗೊತ್ತಿರಲಿಲ್ಲ. 95 ನೋಡಿ ಇನ್ನೊಂದು ರಾತ್ರಿ ಕಷಾಯ ಕುಡಿಸಿರುತ್ತಿದ್ದೆ.

ಆಮೇಲೆ ಗುಡ್ಡದ ಮೇಲೆ ಅವರು ಮಾಡಿದ ಫೋನ್‌ಗಳು. ನಾನು ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮೊದಲನೇದು ಪಿಎಚ್‌ಸಿ ಡಾಕ್ಟರಿಗೆ. ಎರಡನೇದು 108ಕ್ಕೆ. ಮೂರನೇದು ತಾಲ್ಲೂಕು ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಸಿಗೆ ಇದೆಯಾ ಅಂತ ಯಾರೋ ಸಿಸ್ಟರಿಗೆ. ನಾಲ್ಕನೇದು ನನಗಾದರೆ ಹೊಳೆಯುತ್ತಲೇ ಇರಲಿಲ್ಲ, ಅಂಥದ್ದು. "ಅಣ್ಣಾ, ಲಾಂಚ್ ಹತ್ತು ನಿಮಿಷ ನಿಲ್ಸಿ. ಆಂಬುಲೆನ್ಸ್ ಬರ್ತಾ ಇದೆ. ಪೇಷಂಟ್ ಇದಾರೆ" ಅಂದರು. ಲಾಂಚ್ ಸಿಬ್ಬಂದಿಯ ನಂಬರ್ ಅವರ ಫೋನಲ್ಲಿ ಇತ್ತು. ಹೆರಿಗೆ ನೋವು ಬಂದವರನ್ನು ಎಷ್ಟೋ ವರ್ಷದಿಂದ ಹೀಗೇ ದಾಟಿಸಿದವರಲ್ಲವೇ.

ಲಾಂಚ್ ನಿಂತಿತ್ತು. ಹತ್ತು ನಿಮಿಷ ಅಲ್ಲ, ಇಪ್ಪತ್ತೈದು ನಿಮಿಷ. ಆ ದಿನದ ಕೊನೆಯ ಲಾಂಚ್ ಅದು. ಅದರಲ್ಲಿ ಆಂಬುಲೆನ್ಸ್ ಒಂದೇ ಗಾಡಿ. ನೀರಿನ ಮೇಲೆ ಗಾಳಿ ಬೀಸುತ್ತಿತ್ತು. ಕೆಂಪು ದೀಪ ಮಾತ್ರ ಸುತ್ತುತ್ತಿತ್ತು, ಸೈರನ್ ಇರಲಿಲ್ಲ. ನೀರಿನ ಮೇಲೆ ಯಾರಿಗೆ ದಾರಿ ಬಿಡಿ ಅನ್ನುವುದು? ಆಂಬುಲೆನ್ಸಿನ ಹುಡುಗ ಪಿಪಿಇ ಕಿಟ್‌ನೊಳಗೆ ಬೆವರುತ್ತ, ಅಮ್ಮನ ಮೂಗಿನ ಮಾಸ್ಕ್ ಜಾರದಂತೆ ಹಿಡಿದುಕೊಂಡಿದ್ದ. ನನ್ನನ್ನು ಹತ್ತಿರ ಬಿಡಲಿಲ್ಲ. ನಾನು ಲಾಂಚಿನ ಕಂಬಿ ಹಿಡಿದು ಹಿಂದೆ ನೋಡಿದೆ. ದಡದಲ್ಲಿ ಆಶಕ್ಕನ ಟಾರ್ಚ್. ಅವರು ಅಲ್ಲಿಂದ ಮನೆಗೆ ನಡೆದುಕೊಂಡು ಹೋಗಬೇಕು. ಎಷ್ಟು ದೂರ ಅಂತ ನಾನು ಯೋಚಿಸಲಿಲ್ಲ, ಆಗ.

ತಾಲ್ಲೂಕು ಆಸ್ಪತ್ರೆಯಲ್ಲಿ ಅಮ್ಮ ಒಂಬತ್ತು ದಿನ ಇದ್ದಳು. ಆ ಒಂಬತ್ತು ದಿನದ ಬಗ್ಗೆ ನನಗೆ ಗೊತ್ತಿರುವುದು ಅಮ್ಮ ಹೇಳಿದ್ದಷ್ಟೇ. ನನಗೆ ಒಳಗೆ ಪ್ರವೇಶವಿರಲಿಲ್ಲ. ಅಮ್ಮ ಹೇಳುವುದರಲ್ಲಿ ಅರ್ಧಕ್ಕರ್ಧ ಒಬ್ಬ ನರ್ಸಿನ ಕತೆ. ಗದಗ ಕಡೆಯ ಹುಡುಗಿಯಂತೆ. ಮೊದಲ ರಾತ್ರಿ ಬಂದು, "ಅಮ್ಮಾರ, ಬಕ್ಕಬಾರಲ ಮಲ್ಕೋರಿ" ಅಂದಳಂತೆ. ಅಮ್ಮನಿಗೆ ಅರ್ಥವಾಗಲಿಲ್ಲ. ಬೇರೆ ಊರಿನ ಕನ್ನಡ, ಮೇಲಿಂದ ಎರಡು ಮಾಸ್ಕ್. "ಏನು ತಾಯಿ?" ಅಂದಳು. "ಬಕ್ಕಬಾರಲರೀ, ಹೊಟ್ಟಿ ಕೆಳಗ ಮಾಡಿ!" "ಓ, ಕವುಚಿ ಮಲಗಬೇಕಾ? ಹಾಗೆ ಹೇಳಬಾರದಾ!" ಉಸಿರಾಡಲು ಕಷ್ಟಪಡುತ್ತಿದ್ದ ಅಮ್ಮ ಆ ಹೊತ್ತಿಗೂ ನಕ್ಕಳಂತೆ, ನಕ್ಕು ಕೆಮ್ಮು ಬಂತಂತೆ. ಬೋರಲು ಮಲಗಿದರೆ ಶ್ವಾಸಕೋಶದ ಹಿಂಭಾಗಕ್ಕೂ ಗಾಳಿ ಹೋಗುತ್ತದೆ, ಆಕ್ಸಿಜನ್ ಏರುತ್ತದೆ. ಆ ಹುಡುಗಿ ಎರಡು ಗಂಟೆಗೊಮ್ಮೆ ಬಂದು ಅಮ್ಮನ ಮಗ್ಗುಲು ಬದಲಿಸಿದಳು. ಹದಿನೈದು ಹಾಸಿಗೆ, ರಾತ್ರಿ ಪಾಳಿಯಲ್ಲಿ ಇಬ್ಬರು. ಕಿಟ್ ಹಾಕಿದ ಮೇಲೆ ಪಾಳಿ ಮುಗಿಯುವವರೆಗೆ ನೀರೂ ಕುಡಿಯುವ ಹಾಗಿಲ್ಲ, ಬಚ್ಚಲಿಗೂ ಹೋಗುವ ಹಾಗಿಲ್ಲ. ಯಾರು ಯಾರು ಅಂತ ಗುರುತು ಸಿಗಲೆಂದು ಬೆನ್ನ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಅಮ್ಮನಿಗೆ ಕನ್ನಡಕ ಮನೆಯಲ್ಲೇ ಉಳಿದಿತ್ತು. ಓದಲಾಗಲಿಲ್ಲ.

ಬಿಡುಗಡೆಯ ದಿನ ಅಮ್ಮ ಆ ಹುಡುಗಿಗೆ ಏನು ಹೇಳಬೇಕು ಅಂತ ತಡಬಡಾಯಿಸಿದಳಂತೆ. ನಮ್ಮಲ್ಲಿ ಇದಕ್ಕೊಂದು ಮಾತೇ ಇಲ್ಲ ನೋಡಿ. ಧನ್ಯವಾದ ಅನ್ನುವುದು ಸ್ಟೇಜಿನ ಮೇಲೆ ಕೊನೆಗೆ ಒಬ್ಬರು ಮಾಡುವ ಕೆಲಸ. ಥ್ಯಾಂಕ್ಸ್ ಅನ್ನುವುದು ಪೇಟೆಯವರದ್ದು. ಮನೆಯಲ್ಲಿ, ಊರಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಹೇಳಿದರೆ ದೂರ ಮಾಡಿದ ಹಾಗೆ. ಅದರ ಬದಲು ಬಾಳೆಗೊನೆ ಕಳಿಸುತ್ತೇವೆ, 'ಊಟ ಮಾಡ್ಕಂಡೇ ಹೋಗಬೇಕು' ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಅದಾವುದೂ ಸಾಧ್ಯವಿಲ್ಲ. ಕೊನೆಗೆ ಅಮ್ಮ ಹೇಳಿದ್ದು, "ಮಳೆಗಾಲ ಕಳೆದ ಮೇಲೆ ಮನೆಗೆ ಬಾ ಮಗಾ, ಮಿಡಿ ಉಪ್ಪಿನಕಾಯಿ ಕೊಡ್ತೇನೆ." ಹುಡುಗಿ "ಬರ್ತೇನ್ರೀ" ಅಂದಳಂತೆ. ಅಮ್ಮ ವಿಳಾಸ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಈಗಲೂ ಸಾಗರ ಪೇಟೆಯಲ್ಲಿ ಎಲ್ಲಾದರೂ ಗದಗ ಕಡೆಯ ಮಾತು ಕೇಳಿದರೆ ಅಮ್ಮ ತಿರುಗಿ ನಿಲ್ಲುತ್ತಾಳೆ. ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ದನಿ ಮಾತ್ರ ಗೊತ್ತು. ಒಮ್ಮೆ ಬಳೆ ಅಂಗಡಿಯಲ್ಲಿ ಯಾರನ್ನೋ ಹಿಡಿದು "ನೀನು ನರ್ಸಾ?" ಅಂತ ಕೇಳಿ ಪೇಚಿಗೆ ಬಿದ್ದದ್ದೂ ಇದೆ.

ಅಮ್ಮ ಬದುಕಿ ಬಂದಳು. ಎಲ್ಲರ ಅಮ್ಮಂದಿರೂ ಬರಲಿಲ್ಲ. ಲಾಂಚ್ ತಪ್ಪಿದ ಮನೆಯವರ ಕತೆ ನನಗೆ ಗೊತ್ತು. ಅದನ್ನು ಹೇಳಬೇಕಾದವರು ಅವರು, ನಾನಲ್ಲ.

ಆ ಮೇ ಕೊನೆಗೆ ಹಳ್ಳಿಗಳಲ್ಲಿ ಮನೆಯಲ್ಲೇ ಇರಿಸುವುದು ಬೇಡ, ಕೋವಿಡ್ ಕೇರ್ ಸೆಂಟರಿಗೆ ಕಳಿಸಿ ಅಂತ ಆದೇಶ ಬಂತು. 'ವೈದ್ಯರ ನಡೆ ಹಳ್ಳಿ ಕಡೆ' ಅಂತ ಡಾಕ್ಟರುಗಳು ಗಾಡಿಯಲ್ಲಿ ಊರಿಗೇ ಬಂದು ಟೆಸ್ಟ್ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಡಾಕ್ಟರ ನಡೆ ಹಳ್ಳಿಯ ಕಡೆ ಬಂದಾಗ ಅವರ ಮುಂದೆ ನಡೆದು ದಾರಿ ತೋರಿಸಿದ್ದು ಯಾರು, ಗಾಡಿ ಹೋಗದ ಮನೆಗೆ ಹೋದದ್ದು ಯಾರು ಅಂತ ನಿಮಗೆ ಗೊತ್ತಾಗಿರುತ್ತದೆ.

ಇನ್ನೊಂದು ದಿನದ ಬಗ್ಗೆ ಬರೆಯಲೇಬೇಕು. 2021ರ ಸೆಪ್ಟೆಂಬರ್. ಕೊರೊನಾ ಬಂದು ಹೋದವರು ಮೂರು ತಿಂಗಳು ಬಿಟ್ಟು ಲಸಿಕೆ ಹಾಕಿಸಿಕೊಳ್ಳಬೇಕು ಅಂತ ಇತ್ತು. ಅಮ್ಮನ ಮೂರು ತಿಂಗಳು ಮುಗಿದಿತ್ತು. ಶಾಲೆಯಲ್ಲಿ ಕ್ಯಾಂಪ್. ಆ ದಿನ ನಾನು ಸೊಸೈಟಿಗೆ ರಜೆ ಹಾಕಿ ಲಸಿಕೆಯ ಪೆಟ್ಟಿಗೆ ಹೊತ್ತೆ. ನೀಲಿ ಪೆಟ್ಟಿಗೆ, ಒಳಗೆ ನಾಲ್ಕು ಐಸ್ ಪ್ಯಾಕ್, ಅದರ ನಡುವೆ ಬೆರಳುದ್ದದ ಸೀಸೆಗಳು. 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಒಂದು ಕೋವಿಶೀಲ್ಡ್ ಸೀಸೆಯಲ್ಲಿ ಹತ್ತು ಜನಕ್ಕಾಗುವಷ್ಟು ಮದ್ದು. ಒಮ್ಮೆ ಸೂಜಿ ಚುಚ್ಚಿದರೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯಬೇಕು, ಇಲ್ಲಾಂದರೆ ಉಳಿದದ್ದು ಚೆಲ್ಲಬೇಕು.

ಪೇಟೆಯಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕ್ಯೂ ಇರುತ್ತದೆ. ಕಾಡಿನ ಊರಿನಲ್ಲಿ ಹತ್ತು ಜನರನ್ನು ಒಂದೇ ಹೊತ್ತಿಗೆ ಒಂದೇ ಕಡೆ ಸೇರಿಸುವುದು ಅಂದರೆ ಸತ್ಯನಾರಾಯಣ ಪೂಜೆಯೇ ಬೇಕು. ಹನ್ನೊಂದು ಗಂಟೆಗೆ ಎಂಟು ಜನ ಆಗಿದ್ದರು. ಸಿಸ್ಟರ್ ಸೀಸೆ ತೆರೆಯಲಿಲ್ಲ. ಬಂದವರು ಗೊಣಗಲು ಶುರು ಮಾಡಿದರು, ದನಕ್ಕೆ ಹುಲ್ಲು ಹಾಕಬೇಕು, ಅಡಿಕೆಗೆ ಕೊಳೆ ಔಷಧಿ ಹೊಡೆಯುವವರು ಬಂದಿದ್ದಾರೆ ಅಂತ. ಅಮ್ಮನ ಹೆಸರು ಒಂಬತ್ತನೆಯದಾಯಿತು. ಹತ್ತನೆಯವರು?

ನಮ್ಮ ಕೆಳಗಿನ ಮನೆಯ ಅಜ್ಜ ಒಬ್ಬರು ಲಸಿಕೆ ಅಂದರೆ ತೋಟದೊಳಗೆ ಮಾಯವಾಗುತ್ತಿದ್ದರು. ಎಂಬತ್ತರ ಮೇಲೆ ವಯಸ್ಸು. ಆಶಕ್ಕ ಕರೆದು ಕರೆದು ಸೋತಿದ್ದರು. ಇನ್ನೊಬ್ಬರು ಯಾರೋ 'ಲಸಿಕೆ ಹಾಕಿಸದಿದ್ರೆ ರೇಷನ್ ಕೊಡಲ್ವಂತೆ' ಅಂತ ಹೆದರಿಸಿ, ಅವರು ನನ್ನನ್ನು ಹಿಡಿದು ಬೈದು, ನಾನು 'ಹಾಗೇನಿಲ್ಲ' ಅಂದದ್ದೇ ತಪ್ಪಾಗಿ, ಮತ್ತೂ ಗಟ್ಟಿಯಾಗಿದ್ದರು. ಆ ದಿನ ಅಮ್ಮ ಎದ್ದಳು. "ನಾನು ಕರ್ಕೊಂಡು ಬರ್ತೇನೆ, ನೀ ಕೂತ್ಕೋ" ಅಂತ ಆಶಕ್ಕನಿಗೆ ಹೇಳಿ ಹೊರಟಳು. ಅಜ್ಜನ ಹತ್ತಿರ ಏನು ಹೇಳಿದಳೋ ಗೊತ್ತಿಲ್ಲ. ಮುಕ್ಕಾಲು ಗಂಟೆಗೆ ಅಜ್ಜ ಅಂಗಿ ಬದಲಿಸಿಕೊಂಡು, ಕೋಲೂರಿಕೊಂಡು ಬಂದರು. ಅಮ್ಮನ ಮೇಲೆ ಸಿಟ್ಟು ಇನ್ನೂ ಮುಖದಲ್ಲಿ ಇತ್ತು. ಆಮೇಲೆ ಕೇಳಿದರೆ ಅಮ್ಮ ಅಂದಳು, "ಆಕ್ಸಿಜನ್ ಪೈಪು ಮೂಗಿಗೆ ಹಾಕಿದ್ರೆ ಎಲೆ ಅಡಿಕೆ ಕವಳ ಹಾಕಕ್ಕೆ ಬಿಡಲ್ಲ ಅಂದೆ. ಅಷ್ಟೇ."

ಹತ್ತಾಯಿತು. ಸಿಸ್ಟರ್ ಸೀಸೆ ತೆರೆದರು.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆಲ್ಲ ಸೇರಿಸಿ ಒಂದು ಜಾಗತಿಕ ಪ್ರಶಸ್ತಿ ಕೊಟ್ಟಿತು. ಸುದ್ದಿ ನೋಡಿ ನಾನು ಆಶಕ್ಕನಿಗೆ ಹೇಳಿದೆ. "ಹೌದಂತೆ. ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬಂತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಏಪ್ರಿಲ್ ತಿಂಗಳದ್ದು ಇನ್ನೂ ಖಾತೆಗೆ ಬಂದಿಲ್ಲ, ಸ್ವಲ್ಪ ಪಾಸ್‌ಬುಕ್ ನೋಡ್ತೀರಾ?" ಅಂತ ಕೇಳಿದರು.

2025ರ ಜನವರಿಯಲ್ಲಿ ಅವರು ಮತ್ತೆ ಹೋರಾಟಕ್ಕೆ ಹೊರಟರು. ಬೆಂಗಳೂರಿನ ಫ್ರೀಡಂ ಪಾರ್ಕಿಗೆ. ಹಿಂದಿನ ದಿನ ನಮ್ಮ ಮನೆಗೆ ಬಂದರು, ಬಿಪಿ ಮಾತ್ರೆ ಕೊಡಲು. ದಣಪೆ ಸರಿಸಿ, ಅಂಗಳ ದಾಟಿ, ಜಗಲಿ ಹತ್ತಿ ನಡುಮನೆಯ ಬೆಂಚಿನ ಮೇಲೆ ಕೂತರು. ಈಗ ಹಾಗೇ ಕೂರುತ್ತಾರೆ. ಅಮ್ಮ ಅವಲಕ್ಕಿಗೆ ಒಗ್ಗರಣೆ ಹಾಕಿ, ಕಾಗದದಲ್ಲಿ ಕಟ್ಟಿ, ಜೊತೆಗೊಂದು ಸಣ್ಣ ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟಳು. ಅಡುಗೆಮನೆ ಬಾಗಿಲವರೆಗೆ ಬಂದು ಅವರು ತೆಗೆದುಕೊಂಡರು. ಒಳಗೆ ಅಮ್ಮ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಸುಳ್ಳು ಬರೆದು ಏನು ಮಾಡಲಿ, ಆ ಒಂದು ಹೊಸ್ತಿಲು ಇನ್ನೂ ಇದೆ. "ರಾತ್ರಿ ಅಲ್ಲೇ ಮಲಗ್ತೀರಾ? ಬೆಂಗಳೂರು ಚಳಿ ಇರತ್ತೆ" ಅಂತ ಒಂದು ಕಂಬಳಿ ತಂದು ಕೊಟ್ಟಳು. ಅದು ಅಪ್ಪನದ್ದು. ನನಗೂ ಕೊಡದ ಕಂಬಳಿ.

ನಾಲ್ಕು ದಿನ ಅಹೋರಾತ್ರಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ಸಿಗುವಂತೆ ಮಾಡುತ್ತೇವೆ ಅನ್ನುವ ಭರವಸೆ ತೆಗೆದುಕೊಂಡು ಎದ್ದರು.

ಅದರಲ್ಲಿ ಎರಡನೇ ದಿನ ರಾತ್ರಿ ಅಮ್ಮ ಧಾರಾವಾಹಿ ಬಿಟ್ಟು ನ್ಯೂಸ್ ಹಾಕಿಸಿದಳು. ಪಾರ್ಕಿನ ತುಂಬ ಗುಲಾಬಿ ಸೀರೆ. ರಸ್ತೆಯಲ್ಲೂ ಗುಲಾಬಿ ಸೀರೆ. ಸ್ವೆಟರ್ ಹಾಕಿಕೊಂಡವರು, ಸೆರಗು ಹೊದ್ದು ಸಾಲಾಗಿ ಮಲಗಿದವರು. ಅಮ್ಮ ಕನ್ನಡಕ ಒರೆಸಿಕೊಂಡು ಟಿವಿಯ ಹತ್ತಿರ ಹೋಗಿ ನಿಂತಳು.

"ಇದರಲ್ಲಿ ನಮ್ಮವಳು ಯಾರೋ. ಕಂಬಳಿ ಕಾಣಬೇಕಿತ್ತು" ಅಂದಳು. ಕ್ಯಾಮೆರಾ ಸರಸರ ಸರಿಯುತ್ತಿತ್ತು. "ನಿಲ್ಸು, ನಿಲ್ಸು" ಅಂತ ನನಗೆ ಹೇಳಿದಳು. ಅದು ನಿಲ್ಲಿಸಲು ಬರುವುದಿಲ್ಲ, ಲೈವ್ ಅಂದೆ. ಕೇಳಲಿಲ್ಲ. ಒಂದೊಂದೇ ಮುಖವನ್ನು ಬೆರಳಿಟ್ಟು ನೋಡುತ್ತಾ ಹೋದಳು. ಅಷ್ಟರಲ್ಲಿ ಕರೆಂಟ್ ಹೋಯಿತು.